ಮೇಟ್ರನ್ ಇಲ್ಲದ ಹೊತ್ತು

"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಹೊಲಗದ್ದೆಯ ಮಟ್ಟಿಗೆ, ಅಡಿಗೆಮನೆಯ ಮಟ್ಟಿಗೆ ಈ ಮಾತು ನಿಜವಿದ್ದೀತು. ಆಸ್ಪತ್ರೆಯ ಮಟ್ಟಿಗೆ ಮಾತ್ರ ಇದನ್ನು ನಂಬಿ ಕುಳಿತರೆ ನಡೆಯುವುದಿಲ್ಲ. ನಿಮ್ಮ ಮನೆಯ ಹಿರಿಯರೊಬ್ಬರು ಜ್ವರದಿಂದ ವಾರ್ಡಿನಲ್ಲಿ ಮಲಗಿದ್ದಾರೆ ಎನ್ನಿ. ರಾತ್ರಿ ಎರಡು ಗಂಟೆ. ದೊಡ್ಡ ಡಾಕ್ಟರು ಮನೆಯಲ್ಲಿ ನಿದ್ರಿಸುತ್ತಿದ್ದಾರೆ. ಮೇಟ್ರನ್ ಕೂಡ ತಮ್ಮ ಕೋಣೆಗೆ ಹೋಗಿ ಎಷ್ಟೋ ಹೊತ್ತಾಯಿತು. ಎಚ್ಚರವಾಗಿರುವವಳು ಒಬ್ಬ ದಾದಿ. ಆಕೆ ಎದ್ದು ಬಂದು ರೋಗಿಯ ನಾಡಿ ಹಿಡಿದು ನೋಡಬಹುದು. ಕುಳಿತಲ್ಲಿಯೇ ಕುಳಿತು ಚಾರ್ಟಿನಲ್ಲಿ ಅಂಕಿಯೊಂದನ್ನು ಬರೆದುಬಿಡಲೂಬಹುದು. ಎರಡರಲ್ಲಿ ಯಾವುದನ್ನು ಮಾಡಿದಳೆಂದು ನೋಡುವವರು ಯಾರೂ ಇಲ್ಲ.

ಆಕೆಯನ್ನು ಎಬ್ಬಿಸಿ ನಡೆಸುವುದು ಏನು? ಸಂಬಳವೆ? ಮೇಲಿನವರ ಭಯವೆ? ಹುಟ್ಟುಗುಣವಾದ ಕರುಣೆಯೆ? ಈ ಪ್ರಶ್ನೆಯನ್ನು ಮೊಟ್ಟಮೊದಲು ಕೆದಕಿ ನೋಡಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಮುಖಳು. ಕೈಯಲ್ಲಿ ದೀಪ ಹಿಡಿದ ಆಕೆಯ ಚಿತ್ರವನ್ನು ಶಾಲೆಯ ಪಾಠಪುಸ್ತಕದಲ್ಲಿ ನೀವು ನೋಡಿರುತ್ತೀರಿ. ಆ ದೀಪದ ಕಥೆಯಲ್ಲಿ ಪಾಠಪುಸ್ತಕ ಹೇಳದೆ ಬಿಟ್ಟ ಒಂದು ಭಾಗವಿದೆ. ಅದನ್ನು ತಿಳಿದರೆ, ನಾಯಕಿಯಾದವಳ ನಡತೆ ದಾದಿಯ ಮನಸ್ಸನ್ನು ಹೇಗೆ ಕಟ್ಟುತ್ತದೆ, ಹೇಗೆ ಕೆಡಿಸುತ್ತದೆ ಎಂಬುದೂ ತಿಳಿಯುತ್ತದೆ.

1854ನೆಯ ಇಸವಿ. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷ ವಹಿಸಿ ರಷ್ಯದ ಮೇಲೆ ಕ್ರೈಮಿಯಾದಲ್ಲಿ ಯುದ್ಧ ಹೂಡಿದ್ದವು. ಗಾಯಗೊಂಡ ಬ್ರಿಟಿಷ್ ಸಿಪಾಯಿಗಳನ್ನು ಹಡಗಿನಲ್ಲಿ ತುಂಬಿ, ಕಾನ್‌ಸ್ಟಾಂಟಿನೋಪಲ್ ನಗರದ ಎದುರಿಗಿದ್ದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿದ್ದುದು ತುರ್ಕಿಯವರ ಹಳೆಯ ಬ್ಯಾರಕ್ಕು. ಅದನ್ನೇ ಆಸ್ಪತ್ರೆ ಎಂದು ಕರೆದಿದ್ದರು. ಯುದ್ಧ ಖಾತೆಯ ಸಚಿವ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ ನೈಟಿಂಗೇಲ್ 38 ಮಂದಿ ದಾದಿಯರನ್ನು ಕರೆದುಕೊಂಡು ಅಕ್ಟೋಬರ್ 21ರಂದು ಹೊರಟು, ನವೆಂಬರ್ 4ರಂದು ಸ್ಕುಟಾರಿ ಸೇರಿದಳು. ಆಗ ಆಕೆಗೆ 34 ವರ್ಷ.

ಈ 38 ಮಂದಿಯೂ ಒಂದೇ ಬಗೆಯವರಲ್ಲ. ಹತ್ತು ಜನ ಕ್ಯಾಥೊಲಿಕ್ ಸನ್ಯಾಸಿನಿಯರು. ಹದಿನಾಲ್ಕು ಜನ ಆಂಗ್ಲಿಕನ್ ಪಂಥದ ಸೇವಾ ಸಂಘಗಳಿಂದ ಬಂದವರು. ಉಳಿದ ಹದಿನಾಲ್ಕು ಜನ ಸಂಬಳಕ್ಕಾಗಿ ಆಸ್ಪತ್ರೆಗಳಲ್ಲಿ ದುಡಿದಿದ್ದ ಹೆಂಗಸರು. ಆ ಕಾಲದಲ್ಲಿ ಆಸ್ಪತ್ರೆಯ ದಾದಿಯೆಂದರೆ ಕುಡಿಯುವವಳು, ನಂಬತಕ್ಕವಳಲ್ಲ ಎಂಬುದೇ ಲೋಕದ ಮಾತು. ಸೈನ್ಯದ ಡಾಕ್ಟರುಗಳಿಗಂತೂ ಹೆಂಗಸರು ವಾರ್ಡಿಗೆ ಬರುವುದೇ ಬೇಕಾಗಿರಲಿಲ್ಲ.

ನೈಟಿಂಗೇಲ್ ಮಾಡಿದ ಮೊದಲ ಕೆಲಸ ವಿಚಿತ್ರವಾಗಿ ಕಾಣುತ್ತದೆ. ಡಾಕ್ಟರು ಕರೆಯುವವರೆಗೆ ಯಾವ ದಾದಿಯೂ ವಾರ್ಡಿಗೆ ಕಾಲಿಡಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದಳು. ಕಣ್ಣೆದುರಿಗೆ ಗಾಯಾಳುಗಳು ನರಳುತ್ತಿರುವಾಗ ದಾದಿಯರು ಬಟ್ಟೆ ಹೊಲಿಯುತ್ತ, ದಿಂಬು ತುಂಬುತ್ತ ಕುಳಿತಿರಬೇಕಾಯಿತು. ಅವರಿಗೆ ಎಷ್ಟು ಸಂಕಟವಾಗಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ. ಆದರೆ ಇಂಕರ್ಮನ್ ಕದನದ ಗಾಯಾಳುಗಳು ಪ್ರವಾಹದಂತೆ ಬಂದು ತುಂಬಿದಾಗ ಡಾಕ್ಟರುಗಳು ತಾವಾಗಿಯೇ ಕರೆದರು. ಬಲವಂತದಿಂದ ಒಳಗೆ ನುಗ್ಗಿದ್ದರೆ ಒಂದೇ ವಾರದಲ್ಲಿ ಎಲ್ಲರನ್ನೂ ಹಿಂದಕ್ಕೆ ಕಳಿಸಿಬಿಡುತ್ತಿದ್ದರೋ ಏನೋ. ತನ್ನವರ ಕೆಲಸಕ್ಕೆ ಮೊದಲು ಜಾಗ ಮಾಡಿಕೊಡುವುದೂ ನಾಯಕತ್ವವೇ ಎಂಬುದು ಇಲ್ಲಿ ಕಾಣುತ್ತದೆ.

ಆಕೆ ಮಾಡಿದ ಇನ್ನೊಂದು ಕೆಲಸ ಸಾಮಾನು ಒದಗಿಸಿದ್ದು. ಅಂಗಿ, ಟವೆಲು, ಸಾಬೂನು, ಬೋಗುಣಿ, ಪಥ್ಯದ ಅಡಿಗೆಗೆ ಒಲೆ, ಇವು ಯಾವುವೂ ಆಸ್ಪತ್ರೆಯಲ್ಲಿರಲಿಲ್ಲ. ಲಂಡನ್ನಿನ 'ಟೈಮ್ಸ್' ಪತ್ರಿಕೆ ಕೂಡಿಸಿದ ನಿಧಿಯಿಂದಲೂ ತನ್ನ ಕೈಯಿಂದಲೂ ಹಣ ಹಾಕಿ ಆಕೆ ಇವನ್ನು ಕೊಂಡು ತರಿಸಿದಳು. ಕೈಯಲ್ಲಿ ಬಟ್ಟೆಯಿಲ್ಲದ, ಬಿಸಿನೀರಿಲ್ಲದ ದಾದಿಗೆ ಕರುಣೆಯ ಉಪದೇಶ ಮಾಡಿ ಏನು ಪ್ರಯೋಜನ? ಹೀಗೆ ಮಾಡಿದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಮರಣದ ಪ್ರಮಾಣ ಶೇಕಡ 42ಕ್ಕೆ ಏರಿತ್ತು. ಮಾರ್ಚ್ ತಿಂಗಳಲ್ಲಿ ಸರ್ಕಾರದ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದ ಕೆಳಗಿನ ಚರಂಡಿಗಳನ್ನು ಸರಿಪಡಿಸಿದ ಮೇಲೆಯೇ ಅದು ಇಳಿದುದು. ಈ ಸಂಗತಿಯನ್ನು ನೈಟಿಂಗೇಲ್ ಮುಂದೆ ಮರೆಯಲೂ ಇಲ್ಲ, ಮರೆಮಾಚಲೂ ಇಲ್ಲ.

ಇನ್ನು ದೀಪದ ಮಾತು. 1855ರ ಫೆಬ್ರವರಿ 24ರಂದು 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆ ಆಕೆ ರಾತ್ರಿ ವಾರ್ಡಿನಲ್ಲಿ ದೀಪ ಹಿಡಿದು ನಡೆಯುತ್ತಿರುವ ಚಿತ್ರವನ್ನು ಪ್ರಕಟಿಸಿತು. ಅದು ಮನೆಮನೆಯ ಗೋಡೆ ಸೇರಿತು. ಆದರೆ ಆ ದೀಪ ಒಂಟಿಯಾಗಿತ್ತು ಏಕೆ? ಏಕೆಂದರೆ ರಾತ್ರಿ ಎಂಟು ಗಂಟೆಯ ಮೇಲೆ ತನ್ನನ್ನು ಬಿಟ್ಟು ಬೇರಾವ ಹೆಂಗಸೂ ವಾರ್ಡಿನಲ್ಲಿ ಇರಕೂಡದೆಂದು ಆಕೆಯೇ ನಿಯಮ ಮಾಡಿದ್ದಳು. ಅನಂತರದ ಪಾಳಿ ಸೈನ್ಯದ ಆಳುಗಳದು. ಹಗಲು ದುಡಿದ ದಾದಿಯರನ್ನು ರಾತ್ರಿಯ ಮಟ್ಟಿಗೆ ಆಕೆ ನಂಬಲಿಲ್ಲ.

ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಒಬ್ಬ ದಾದಿಯ ಹೆಸರು ಕೆಟ್ಟರೂ ಸಾಕು, ಇಡೀ ಪ್ರಯೋಗವೇ ಮುಳುಗುತ್ತಿತ್ತು. ಕುಡಿತದ ಕಾರಣಕ್ಕೆ ಕೆಲವರನ್ನು ಊರಿಗೆ ಕಳಿಸಿದ್ದೂ ಉಂಟು. ಆದರೆ ಅಪನಂಬಿಕೆಗೆ ತೆರಬೇಕಾದ ಬೆಲೆಯನ್ನು ತೆರಲೇಬೇಕಾಯಿತು. ದಾದಿಯರಲ್ಲಿ ಗೊಣಗಾಟ ಹುಟ್ಟಿತು. ಸಮವಸ್ತ್ರದ ಟೋಪಿ ತನ್ನ ಮುಖಕ್ಕೆ ಒಪ್ಪುವುದಿಲ್ಲ, ಹೀಗೆಂದು ತಿಳಿದಿದ್ದರೆ ಬರುತ್ತಲೇ ಇರಲಿಲ್ಲ ಎಂದು ಒಬ್ಬಾಕೆ ದೂರಿದಳಂತೆ. ನೈಟಿಂಗೇಲ್ ಇದನ್ನು ತಮಾಷೆಯಾಗಿ ಕಾಗದದಲ್ಲಿ ಬರೆದಿದ್ದಾಳೆ. ನಮಗೂ ನಗು ಬರುತ್ತದೆ. ಆದರೆ ಟೋಪಿಯ ದೂರು ಟೋಪಿಯದು ಮಾತ್ರವೆ? ಮನೆಯಲ್ಲಿ ಸೊಸೆ ಸಾರಿನ ಉಪ್ಪಿನ ವಿಷಯಕ್ಕೆ ಸಿಡುಕಿದರೆ ಕಾರಣ ಉಪ್ಪಲ್ಲ ಎಂಬುದನ್ನು ಬಲ್ಲ ಅತ್ತೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಯುದ್ಧದಲ್ಲಿ ಬೇರೆ ರೀತಿಯ ನಾಯಕಿಯರೂ ಇದ್ದರು. ಬರ್ಮಂಡ್ಸಿ ಮಠದಿಂದ ಬಂದ ಮದರ್ ಮೇರಿ ಕ್ಲೇರ್ ಮೂರ್ ಅಂಥವಳು. ಆಕೆ ತನ್ನ ಸೋದರಿಯರೊಡನೆ ಸದ್ದಿಲ್ಲದೆ ದುಡಿದಳು. ಮುಖ್ಯಸ್ಥೆಯ ಪದವಿಗೆ ತನಗಿಂತ ಆಕೆಯೇ ಎಷ್ಟೋ ಯೋಗ್ಯಳಾಗಿದ್ದಳೆಂದು ನೈಟಿಂಗೇಲ್ ಆಮೇಲೆ ಆಕೆಗೆ ಬರೆದಳು. ಐರ್ಲೆಂಡಿನಿಂದ 15 ಮಂದಿ ಸನ್ಯಾಸಿನಿಯರ ತಂಡದೊಡನೆ ಬಂದ ಮದರ್ ಫ್ರಾನ್ಸಿಸ್ ಬ್ರಿಜ್‌ಮನ್ ಇನ್ನೊಬ್ಬಳು. ನೈಟಿಂಗೇಲಳ ಕೈಕೆಳಗೆ ದುಡಿಯಲು ಆಕೆ ಒಪ್ಪಲೇ ಇಲ್ಲ. ತನ್ನ ತಂಡವನ್ನು ಒಡೆಯಲು ಬಿಡದೆ ಮೊದಲು ಕುಲಾಲಿಯಲ್ಲಿಯೂ ಅನಂತರ ಬಾಲಕ್ಲಾವದಲ್ಲಿಯೂ ಕೆಲಸ ನಡೆಸಿದಳು. 1856ರ ಮಾರ್ಚ್ 16ರಂದು ಸೈನ್ಯದ ಎಲ್ಲ ಆಸ್ಪತ್ರೆಗಳ ದಾದಿಯರೂ ನೈಟಿಂಗೇಲಳ ಅಧಿಕಾರಕ್ಕೆ ಒಳಪಟ್ಟವರೆಂದು ಆಜ್ಞೆ ಹೊರಟಿತು. ಬ್ರಿಜ್‌ಮನ್ ತಂಡ ಮುಂದಿನ ತಿಂಗಳೇ ಗಂಟುಮೂಟೆ ಕಟ್ಟಿ ಊರಿಗೆ ಹೊರಟಿತು. ಕಾಗದದ ಮೇಲಿನ ಆಜ್ಞೆ ಅಧಿಕಾರವನ್ನು ತಂದುಕೊಟ್ಟಿತು, ಮನಸ್ಸುಗಳನ್ನು ತಂದುಕೊಡಲಿಲ್ಲ.

ಯುದ್ಧ ಮುಗಿದು ಊರಿಗೆ ಬಂದ ನೈಟಿಂಗೇಲ್ ತನ್ನ ಅನುಭವವನ್ನು ಮತ್ತೆ ಮತ್ತೆ ತೂಗಿ ನೋಡಿದಂತೆ ತೋರುತ್ತದೆ. 1859ರಲ್ಲಿ ಹೊರಬಂದ ಆಕೆಯ ಶುಶ್ರೂಷೆಯ ಪುಸ್ತಕದಲ್ಲಿ ಮನೆವಾರ್ತೆಯಂಥ ಸಣ್ಣಪುಟ್ಟ ವ್ಯವಸ್ಥೆಯನ್ನು ಕುರಿತು ಒಂದು ಅಧ್ಯಾಯವಿದೆ. ಅದರ ಸಾರ ಇಷ್ಟು: ನೀನು ಎದುರಿಗಿದ್ದಾಗ ಚೆನ್ನಾಗಿ ನಡೆಯುವ ಕೆಲಸ ನೀನು ಇಲ್ಲದಾಗಲೂ ಹಾಗೆಯೇ ನಡೆಯುವಂತೆ ಏರ್ಪಾಡು ಮಾಡದಿದ್ದರೆ, ನೀನು ಎಷ್ಟು ಶ್ರಮಪಟ್ಟರೂ ವ್ಯರ್ಥ. ಎಲ್ಲವನ್ನೂ ತಾನೇ ಮಾಡುವೆನೆನ್ನುವುದು ಹೊಣೆಗಾರಿಕೆಯಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಮಾಡುವಂತೆ ನೋಡಿಕೊಳ್ಳುವುದೇ ಹೊಣೆಗಾರಿಕೆ. ಎಂಟು ಗಂಟೆಯ ಮೇಲೆ ಒಬ್ಬಳೇ ದೀಪ ಹಿಡಿದು ನಡೆದವಳು ಬರೆದ ಮಾತು ಇದು ಎಂಬುದನ್ನು ನೆನಪಿನಲ್ಲಿಡಿ. "ತಾನು ಮಾಡಿದ್ದು ಉತ್ತಮ" ಎಂಬ ನಮ್ಮ ಗಾದೆಗೆ ಇದು ನೇರವಾದ ಉತ್ತರ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಹದಿನೈದು ಮಂದಿ ವಿದ್ಯಾರ್ಥಿನಿಯರೊಡನೆ ಆರಂಭವಾಯಿತು. ಪ್ರತಿಯೊಬ್ಬಳಿಗೂ ಬೇರೆ ಬೇರೆ ಮಲಗುವ ಕೋಣೆ, ಊಟ, ಬಟ್ಟೆ ಒಗೆಸುವ ಏರ್ಪಾಡು, ಕೈಖರ್ಚಿಗೆ ವರ್ಷಕ್ಕೆ ಹತ್ತು ಪೌಂಡು. ಅಲ್ಲಿಯವರೆಗೆ ವಾರ್ಡಿನ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಮಲಗುತ್ತಿದ್ದ ದಾದಿಯರ ಪಾಲಿಗೆ ಸ್ವಂತದ ಕೋಣೆ ಎಂಬುದೇ ಒಂದು ಮರ್ಯಾದೆ. ನೀನು ಆಳಲ್ಲ, ಕಲಿತ ಕೆಲಸಗಾರಳು ಎಂದು ಆ ಕೋಣೆಯ ಬಾಗಿಲೇ ಹೇಳುತ್ತಿತ್ತು.

ಐದು ವರ್ಷಗಳ ತರುವಾಯ, 1865ರಲ್ಲಿ, ಈ ಶಾಲೆಯಲ್ಲಿ ತರಬೇತಿ ಪಡೆದ ಆಗ್ನೆಸ್ ಜೋನ್ಸ್ ಹನ್ನೆರಡು ಮಂದಿ ದಾದಿಯರೊಡನೆ ಲಿವರ್‌ಪೂಲ್ ನಗರದ ಬಡವರ ಆಸ್ಪತ್ರೆಗೆ ಹೋದಳು. ಅದಕ್ಕೆ ಬೇಕಾದ ಹಣವನ್ನು ವಿಲಿಯಂ ರಾಥ್‌ಬೋನ್ ಎಂಬ ವರ್ತಕ ಕೊಟ್ಟನು. ಸಾವಿರಕ್ಕೂ ಮಿಕ್ಕಿದ ರೋಗಿಗಳು ಅಲ್ಲಿದ್ದರು. ಅದುವರೆಗೆ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಆ ದರಿದ್ರಾಲಯದಲ್ಲಿಯೇ ಆಶ್ರಯ ಪಡೆದಿದ್ದ ನಿರ್ಗತಿಕ ಹೆಂಗಸರು. ಅವರಿಗೆ ಸಣ್ಣ ಸಂಬಳ ಗೊತ್ತುಮಾಡಿ ಸಹಾಯಕಿಯರನ್ನಾಗಿ ಮಾಡಿಕೊಳ್ಳುವ ಪ್ರಯೋಗ ನಡೆಯಿತು, ಅದು ಫಲಿಸಲಿಲ್ಲ. ಸಂಬಳ ಕೈಗೆ ಬಂದ ದಿನವೇ ಹಲವರು ಕುಡಿದು ಬಿದ್ದರು. ತರಬೇತಿಯಿಲ್ಲದೆ, ತಾನೂ ಒಬ್ಬಳು ಎಂಬ ಹೆಮ್ಮೆಯಿಲ್ಲದೆ ಬರಿಯ ಹಣ ಕೊಟ್ಟರೆ ದಾದಿ ಹುಟ್ಟುವುದಿಲ್ಲ ಎಂಬುದು ಅಲ್ಲಿ ತಿಳಿಯಿತು.

ಆಗ್ನೆಸ್ ಜೋನ್ಸ್ ಗದರುವ ನಾಯಕಿಯಲ್ಲ. ತಾನು ಮುಂದೆ ನಿಂತು ಮಾಡುವವಳು. ತನ್ನ ದಾದಿಯರು ನಿಂತ ಗಾಳಿಯಲ್ಲಿಯೇ ತಾನೂ ನಿಂತಳು. ಮೂರು ವರ್ಷ ತುಂಬುವುದರೊಳಗೆ ಆ ಗದ್ದಲದ ಆಸ್ಪತ್ರೆಯಲ್ಲಿ ಶಿಸ್ತು ನೆಲೆಗೊಂಡಿತು. ಆದರೆ 1868ರ ಫೆಬ್ರವರಿ 19ರಂದು ಟೈಫಸ್ ಜ್ವರ ತಗುಲಿ ಆಕೆ ತೀರಿಕೊಂಡಳು. ಆಗ ಆಕೆಗೆ ಮೂವತ್ತೈದೇ ವರ್ಷ. ಆಕೆಯ ನೆನಪಿಗಾಗಿ ನೈಟಿಂಗೇಲ್ ಬರೆದ ಲೇಖನದಲ್ಲಿ ಶೋಕದ ಜೊತೆಗೆ ಒಂದು ಕರೆಯೂ ಇತ್ತು: ಈ ಸ್ಥಾನಕ್ಕೆ ಬರುವವರು ಯಾರು? ನಾಯಕಿಯ ತ್ಯಾಗ ದಾದಿಯರನ್ನು ಹುರಿದುಂಬಿಸುತ್ತದೆ, ನಿಜ. ಆದರೆ ಎಲ್ಲ ಭಾರವನ್ನೂ ಒಬ್ಬಳ ಮೈಮೇಲೆ ಹೊರಿಸಿದ ವ್ಯವಸ್ಥೆ ಆ ಮೈಯೊಡನೆಯೇ ಕುಸಿಯಬಹುದು. ಲಿವರ್‌ಪೂಲಿನಲ್ಲಿ ಹಾಗಾಗದೆ ತರಬೇತಿ ಪಡೆದ ದಾದಿಯರ ಪದ್ಧತಿ ಉಳಿದುಕೊಂಡುದು ಆಕೆಯ ಪುಣ್ಯವೆಂದೇ ಹೇಳಬೇಕು.

ಇತ್ತ ಸೇಂಟ್ ಥಾಮಸ್ ಶಾಲೆಯ ಕಥೆ ಏನಾಯಿತು? ಅಲ್ಲಿನ ಮೇಟ್ರನ್ ಶ್ರೀಮತಿ ವಾರ್ಡ್ರೋಪರ್ ಗಟ್ಟಿಗಿತ್ತಿ, ಬಿಗಿಯಾದ ಕೈ. ವಿದ್ಯಾರ್ಥಿನಿಯರ ಸಮಯಪಾಲನೆ, ಮೌನ, ಚೊಕ್ಕತನ, ನಂಬಿಕೆ, ಎಲ್ಲವನ್ನೂ ತಿಂಗಳು ತಿಂಗಳೂ ಪಟ್ಟಿಯಲ್ಲಿ ಗುರುತು ಹಾಕಿ ಇಡುತ್ತಿದ್ದರು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ 1872ರ ಸುಮಾರಿಗೆ ನೈಟಿಂಗೇಲ್ ತಾನೇ ವಿಚಾರಿಸಿ ನೋಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ಪಾಠ ಸರಿಯಾಗಿ ನಡೆಯುತ್ತಿರಲಿಲ್ಲ. ಕಲಿಯಲು ಬಂದ ಹುಡುಗಿಯರನ್ನು ವಾರ್ಡಿನ ಹೆಚ್ಚುವರಿ ಕೈಗಳನ್ನಾಗಿ ದುಡಿಸಿಕೊಳ್ಳುತ್ತಿದ್ದರು. ಅವರ ಕಷ್ಟ ಕೇಳುವವರು ಇರಲಿಲ್ಲ. ಪಟ್ಟಿ ತುಂಬುವವರು ಇದ್ದರು, ಕಿವಿಗೊಡುವವರು ಇರಲಿಲ್ಲ.

ಆಗ ಆಕೆ ಮಾಡಿದ್ದನ್ನು ಗಮನಿಸಿ. ನಿಯಮಗಳನ್ನು ಇನ್ನೂ ಬಿಗಿ ಮಾಡಲಿಲ್ಲ. ವಿದ್ಯಾರ್ಥಿನಿಯರಿಗೆ ಪಾಠ ಹೇಳಿಕೊಡುತ್ತ, ಅವರೊಡನೆಯೇ ಇದ್ದು ಅವರ ಸುಖದುಃಖ ವಿಚಾರಿಸುವುದಕ್ಕಾಗಿ 'ಹೋಮ್ ಸಿಸ್ಟರ್' ಎಂಬ ಹೊಸ ಹುದ್ದೆಯನ್ನು ಮಾಡಿಸಿದಳು. ತಾನು ಕಾಯಿಲೆಯಿಂದ ಬಹುಮಟ್ಟಿಗೆ ಮನೆಯಲ್ಲಿಯೇ ಇರುತ್ತಿದ್ದರೂ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿಕೊಂಡು ಮಾತನಾಡಿಸುತ್ತಿದ್ದಳು. 1872ರಿಂದ 1900ರವರೆಗೆ ಅವರಿಗೆಂದು ಆಗಾಗ ವಾರ್ಷಿಕ ಪತ್ರಗಳನ್ನು ಬರೆದಳು. ಸ್ಕುಟಾರಿಯಲ್ಲಿ ದಾದಿಯರನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದವಳು ಈಗ ದೂರದಿಂದಲೇ ಅವರ ಮನಸ್ಸಿನ ಹತ್ತಿರ ಹೋಗಲು ಪ್ರಯತ್ನಿಸಿದಳು.

ಈ ಪಾಠವನ್ನು ಎಲ್ಲರೂ ಕಲಿಯಲಿಲ್ಲ. 1879ರ ಕೊನೆಯಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಮಾರ್ಗರೆಟ್ ಬರ್ಟ್ ಎಂಬಾಕೆ ಮೇಟ್ರನ್ ಆಗಿ ಬಂದಳು. ಆಕೆ ತಂದ ಸುಧಾರಣೆಗಳು ಬಹುಪಾಲು ಒಳ್ಳೆಯವೇ. ದಾದಿಯರು ಒಂದೇ ವಾರ್ಡಿಗೆ ಅಂಟಿಕೊಂಡಿರದೆ ಸರದಿಯ ಮೇಲೆ ಬೇರೆ ಬೇರೆ ವಾರ್ಡುಗಳಲ್ಲಿ ಕೆಲಸ ಕಲಿಯಬೇಕು, ಕೆಲಸದ ವೇಳೆ ಗೊತ್ತಾಗಿರಬೇಕು, ಶಿಸ್ತು ಇರಬೇಕು. ಆದರೆ ವರ್ಷಗಟ್ಟಲೆ ಒಂದೇ ವಾರ್ಡಿನಲ್ಲಿದ್ದು ಅಲ್ಲಿನ ರೋಗಿಗಳನ್ನೂ ಡಾಕ್ಟರನ್ನೂ ಅರಿತಿದ್ದ ಹಳೆಯ ದಾದಿಯರನ್ನು ಒಂದು ಮಾತೂ ಕೇಳದೆ ಇವನ್ನೆಲ್ಲ ಜಾರಿಗೆ ತಂದರು. ಹಲವರು ರಾಜೀನಾಮೆ ಕೊಟ್ಟು ಹೊರಟುಹೋದರು. ಡಾಕ್ಟರುಗಳು ತಿರುಗಿಬಿದ್ದರು. 1880ರಲ್ಲಿ ಜಗಳ ಪತ್ರಿಕೆಗಳಿಗೆ ಏರಿತು. ಅದೇ ವರ್ಷ ರೋಗಿಯೊಬ್ಬಳನ್ನು ತಣ್ಣೀರಿನ ತೊಟ್ಟಿಯಲ್ಲಿ ಕೂಡಿಸಿ ಬಿಟ್ಟ ದಾದಿಯೊಬ್ಬಳಿಗೆ, ಆ ರೋಗಿ ಸತ್ತುದರಿಂದ, ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಒಂದು ಪಕ್ಷ ಹೊಸ ಪದ್ಧತಿಯನ್ನು ದೂರಿತು, ಇನ್ನೊಂದು ಪಕ್ಷ ಹಳೆಯ ದಾದಿಯರನ್ನು ದೂರಿತು. ಮುಂದೆ ಅಲ್ಲಿಯೂ ಸುಧಾರಣೆ ಬೇರೂರಿತು. ಆದರೆ ಕೇಳಿ, ತಿಳಿಸಿ, ಒಪ್ಪಿಸಿ ಮಾಡಬಹುದಾಗಿದ್ದ ಕೆಲಸಕ್ಕೆ ಎಷ್ಟು ಹೊಡೆದಾಟವಾಯಿತು! ಸರಿಯಾದ ಮದ್ದನ್ನೂ ಬಾಯಿ ಹಿಡಿದು ಸುರಿದರೆ ರೋಗಿ ಉಗುಳುತ್ತಾನೆ.

ಮುಂದಿನ ಶತಮಾನದಲ್ಲಿ ವಿದ್ವಾಂಸರು ಇದನ್ನು ಅಳೆದು ನೋಡಲು ಹೊರಟರು. ಮೊದಲ ಪ್ರಯೋಗ ದಾದಿಯರ ಮೇಲಲ್ಲ, ಮಕ್ಕಳ ಮೇಲೆ ನಡೆಯಿತು. ಕರ್ಟ್ ಲೆವಿನ್ ಮತ್ತು ಅವನ ಇಬ್ಬರು ಸಂಗಡಿಗರು ಅಮೆರಿಕದ ಅಯೋವದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಮೂರು ಬಗೆಯ ನಾಯಕರನ್ನು ಕೊಟ್ಟು, ಕಂಡುದನ್ನು 1939ರಲ್ಲಿ ಪ್ರಕಟಿಸಿದರು. ಒಬ್ಬ ನಾಯಕ ಆಜ್ಞೆ ಮಾಡುವವನು. ಒಬ್ಬ ಕೂಡಿ ಆಲೋಚಿಸುವವನು. ಒಬ್ಬ ಏನೂ ಹೇಳದೆ ಬಿಟ್ಟುಬಿಡುವವನು. ಆಜ್ಞೆ ಮಾಡುವವನು ಎದುರಿಗಿರುವಾಗ ಹುಡುಗರು ಎಲ್ಲರಿಗಿಂತ ಹೆಚ್ಚು ಹೊತ್ತು ದುಡಿದರು. ಆದರೆ ಅವನು ಕೋಣೆಯಿಂದ ಹೊರಕ್ಕೆ ಹೋದೊಡನೆ ಕೆಲಸ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೂಡಿ ಆಲೋಚಿಸಿದ ಗುಂಪಿನಲ್ಲಿ ನಾಯಕ ಇದ್ದರೂ ಹೋದರೂ ಕೆಲಸ ಹೆಚ್ಚುಕಡಿಮೆ ಒಂದೇ ಸಮನಾಗಿ ನಡೆಯಿತು. ಸುಮ್ಮನೆ ಬಿಟ್ಟವನ ಗುಂಪಿನಲ್ಲಿ ಕೆಲಸವೇ ಸೊರಗಿತು. ರಾತ್ರಿಯ ಪಾಳಿಯ ದಾದಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಮಾತು ಇನ್ನೊಂದಿಲ್ಲ. ಬಿಗಿ ಕೈ ಹಗಲಿಗೆ ಸಾಕು, ರಾತ್ರಿಗೆ ಸಾಲದು. ಕೈ ಬಿಟ್ಟರೆ ಎರಡಕ್ಕೂ ಇಲ್ಲ.

ದಾದಿಯರನ್ನೇ ಕುರಿತ ದೊಡ್ಡ ಪರಿಶೀಲನೆ 1980ರ ಸುಮಾರಿನಲ್ಲಿ ಅಮೆರಿಕದಲ್ಲಿ ನಡೆಯಿತು. ಆಗ ಅಲ್ಲಿ ದಾದಿಯರ ಕೊರತೆ ತಲೆದೋರಿತ್ತು. ಎಲ್ಲ ಕಡೆಯೂ ದಾದಿಯರು ಕೆಲಸ ಬಿಟ್ಟು ಹೋಗುತ್ತಿದ್ದರೆ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ನಿಲ್ಲುತ್ತಿದ್ದರು. ಅಂಥ 41 ಆಸ್ಪತ್ರೆಗಳನ್ನು ಅಮೆರಿಕದ ಶುಶ್ರೂಷಾ ಅಕಾಡೆಮಿ ಆರಿಸಿ, ಕಾರಣ ವಿಚಾರಿಸಿ, 1983ರಲ್ಲಿ ವರದಿ ಪ್ರಕಟಿಸಿತು. ಸೂಜಿಗಲ್ಲಿನಂತೆ ಸೆಳೆಯುವುವೆಂದು ಅವಕ್ಕೆ 'ಮ್ಯಾಗ್ನೆಟ್' ಆಸ್ಪತ್ರೆಗಳೆಂದೇ ಹೆಸರಾಯಿತು. ಅಲ್ಲಿ ದಾದಿಯರ ಮುಖ್ಯಸ್ಥೆ ಕೋಣೆಯಲ್ಲಿ ಅಡಗಿ ಕೂಡದೆ ಕಣ್ಣಿಗೆ ಬೀಳುತ್ತಿದ್ದಳು, ಹೇಳಿದ್ದನ್ನು ಕೇಳುತ್ತಿದ್ದಳು; ಆಡಳಿತದವರ ಸಾಲಿನಲ್ಲಿ ಆಕೆಗೂ ಕುರ್ಚಿಯಿತ್ತು. ವಾರ್ಡಿಗೆ ಸಾಕಷ್ಟು ದಾದಿಯರಿದ್ದರು. ರೋಗಿಯ ವಿಷಯದಲ್ಲಿ ತನ್ನ ಬುದ್ಧಿಗೆ ತೋರಿದುದನ್ನು ಮಾಡುವ ಸ್ವಾತಂತ್ರ್ಯ ದಾದಿಗಿತ್ತು. ಡಾಕ್ಟರುಗಳು ಆಕೆಯ ಮಾತಿಗೆ ಬೆಲೆ ಕೊಡುತ್ತಿದ್ದರು. 1994ರಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು ಇಂಥ ಆಸ್ಪತ್ರೆಗಳನ್ನು ಸರಿಸಮಾನವಾದ ಬೇರೆ ಆಸ್ಪತ್ರೆಗಳೊಡನೆ ಹೋಲಿಸಿ, ಇಲ್ಲಿ ವೃದ್ಧ ರೋಗಿಗಳ ಮರಣದ ಪ್ರಮಾಣವೇ ಕಡಿಮೆ ಎಂದು ತೋರಿಸಿದರು. ದಾದಿಯ ಉತ್ಸಾಹ ಆಕೆಯ ಸ್ವಂತ ವಿಷಯ ಮಾತ್ರವಲ್ಲ. ಮಂಚದ ಮೇಲೆ ಮಲಗಿರುವವರ ಪ್ರಾಣದ ವಿಷಯ.

ನಮ್ಮ ದೇಶಕ್ಕೆ ಬಂದರೆ, 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಗೆ ಅವಿಭಕ್ತ ಭಾರತದಲ್ಲೆಲ್ಲ ಕಂಡುಬಂದ ದಾದಿಯರ ಸಂಖ್ಯೆ ಸುಮಾರು 7,000 ಮಾತ್ರ. ಎಂದರೆ 43,000 ಜನಕ್ಕೆ ಒಬ್ಬ ದಾದಿ. 1954ರಲ್ಲಿ ದಾದಿಯರ ಸಂಬಳ, ವಸತಿ, ಸೇವಾನಿಯಮಗಳನ್ನು ಪರಿಶೀಲಿಸಲು ಇನ್ನೊಂದು ಸಮಿತಿ ಕುಳಿತಿತು. ಅದರ ಅಧ್ಯಕ್ಷರು ನಮ್ಮ ಮಂಗಳೂರಿನ ಅತ್ತಾವರ ಬಾಲಕೃಷ್ಣ ಶೆಟ್ಟರು. ವಿಜಯಾ ಬ್ಯಾಂಕನ್ನು ಸ್ಥಾಪಿಸಿದವರು, ಮದರಾಸು ರಾಜ್ಯದ ಆರೋಗ್ಯ ಸಚಿವರಾಗಿದ್ದವರು. ಸೇವೆ, ತ್ಯಾಗ ಎಂಬ ದೊಡ್ಡ ಮಾತುಗಳ ಹಿಂದೆ ಊಟ, ಕೋಣೆ, ಪಾಳಿಯ ವೇಳೆ ಎಂಬ ಸಣ್ಣ ಸಂಗತಿಗಳಿವೆ, ಅವನ್ನು ಸರಿಪಡಿಸುವುದು ಮೇಲಿನವರ ಹೊಣೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

2020ರ ಮಾರ್ಚ್ 22ರ ಸಂಜೆಯನ್ನು ನೀವು ಮರೆತಿರಲಾರಿರಿ. ಕೋವಿಡ್ ರೋಗಿಗಳ ಶುಶ್ರೂಷೆಗೆ ನಿಂತವರಿಗಾಗಿ ಮನೆಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ತಟ್ಟೆ ಬಾರಿಸಿದೆವು. ಅದು ತಪ್ಪಲ್ಲ, ಮೆಚ್ಚುಗೆ ಯಾರಿಗೆ ಬೇಡ? ಆದರೆ ಚಪ್ಪಾಳೆಯ ಸದ್ದು ಒಂದು ಸಂಜೆಯದು, ಪಾಳಿ ದಿನದಿನದ್ದು. ಮೈಗೆ ಹಾಕಲು ರಕ್ಷಾಕವಚ, ಸರದಿಗೆ ಇನ್ನೊಬ್ಬ ದಾದಿ, "ಈ ರೋಗಿ ಸರಿಯಾಗಿಲ್ಲ" ಎಂದು ಹೇಳಿದರೆ ಕೇಳುವ ಮೇಲಧಿಕಾರಿ, ಇವು ಪ್ರತಿ ರಾತ್ರಿಯೂ ಬೇಕು.

ಆದುದರಿಂದ ನಿಮ್ಮ ಮನೆಯ ಹುಡುಗಿ ದಾದಿಯಾಗುತ್ತೇನೆಂದರೆ, ಸಂಬಳ ಎಷ್ಟೆಂದು ಕೇಳುವುದರ ಜೊತೆಗೆ ಆಸ್ಪತ್ರೆಯ ಮುಖ್ಯಸ್ಥೆ ಹೇಗೆ ಎಂದೂ ವಿಚಾರಿಸಿ. ಹೊಸಬಳು ತಪ್ಪು ಮಾಡಿದಾಗ ಆಕೆ ಎಲ್ಲರ ಮುಂದೆ ಬೈಯುವಳೋ, ಕರೆದು ತಿದ್ದುವಳೋ? ಡಾಕ್ಟರು ರೇಗಿದಾಗ ತನ್ನವಳ ಪರ ನಿಲ್ಲುವಳೋ, ಸರಿದುಕೊಳ್ಳುವಳೋ? ನೀವು ಆಸ್ಪತ್ರೆಯ ಆಡಳಿತ ಮಂಡಲಿಯಲ್ಲಿರುವವರಾದರೆ, ಮೇಟ್ರನ್ ಸುತ್ತು ಬರುವ ಹೊತ್ತಿನಲ್ಲಿ ವಾರ್ಡನ್ನು ನೋಡಬೇಡಿ. ಆಕೆ ರಜದ ಮೇಲೆ ಊರಿಗೆ ಹೋದ ವಾರದಲ್ಲಿ ಹೋಗಿ ನೋಡಿ. ಮಂಚದ ಬಳಿ ನೀರಿನ ಲೋಟ ತುಂಬಿದ್ದರೆ, ಕೂಗಿದ ರೋಗಿಯ ಹತ್ತಿರ ಯಾರಾದರೂ ಬೇಗನೆ ನಡೆದು ಬಂದರೆ, ಆ ಮೇಟ್ರನ್ ಒಳ್ಳೆಯ ನಾಯಕಿ ಎಂದು ನಿಶ್ಚಯವಾಗಿ ತಿಳಿಯಿರಿ.